ಸಾಯ್ ಹೋದ ಮೇಲೆ

ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ‘ಡೆತ್ ನೋಟ್’ ಎಂಬ ಹೆಸರು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಆ ಜಪಾನೀ ಮಾಂಗಾಕ್ಕೆ ಚಿತ್ರ ಬರೆದವರು ತಾಕೇಶಿ ಒಬಾತಾ. ಅದಕ್ಕೂ ಮುಂಚೆ, ಸುಮಾರು ನಾಲ್ಕೂವರೆ ವರ್ಷ, ವಾರವಾರವೂ ಅವರು ಬರೆಯುತ್ತಿದ್ದದ್ದು ಮಣೆಯ ಮುಂದೆ ಕೂತು ಹರಳು ಇಡುವ ಒಬ್ಬ ಹುಡುಗನ ಚಿತ್ರ. ಆ ಮಾಂಗಾದ ಹೆಸರು ‘ಹಿಕಾರು ನೊ ಗೋ’. ಎಂದರೆ ಹಿಕಾರುವಿನ ಗೋ. ಗೋ ಎಂದ ಕೂಡಲೇ ನಮಗೆ ಹಸು ನೆನಪಾಗುತ್ತದೆ; ಇಲ್ಲಿ ಅದು ಒಂದು ಆಟದ ಹೆಸರು, ಚೀನಾದಲ್ಲಿ ಹುಟ್ಟಿ ಕೊರಿಯಾ, ಜಪಾನುಗಳಿಗೆ ಹೋಗಿ ನೆಲೆಸಿದ ಬಹಳ ಹಳೆಯ ಆಟ.

ಈ ಅಂಕಣದಲ್ಲಿ ಇದುವರೆಗೆ ಕನ್ನಡದ ಪುಸ್ತಕಗಳ ಮಾತೇ ಹೆಚ್ಚು. ಈ ಸಲ ಒಂದು ಕಾಮಿಕ್ಸ್ ಹಿಡಿದುಕೊಂಡು ಬಂದಿದ್ದೇನೆ. ಚಿತ್ರದ ಪುಸ್ತಕವೆಂದು ಪುಟ ಮಗುಚಬೇಡಿ. ಗುರುವೊಬ್ಬ ಶಿಷ್ಯನೊಳಗೆ ಎಷ್ಟು ಉಳಿಯುತ್ತಾನೆ ಎಂಬುದನ್ನು ಇಷ್ಟು ನೇರವಾಗಿ ಕೇಳಿದ ಕತೆಯನ್ನು ನಾನು ಇತ್ತೀಚೆಗೆ ಓದಿಲ್ಲ. ಒಂದು ಎಚ್ಚರಿಕೆ: ಮುಂದೆ ಕತೆಯನ್ನೆಲ್ಲ ಹೇಳಿಬಿಡುತ್ತೇನೆ. ಹೇಳದೆ ಇದರ ಬಗ್ಗೆ ಮಾತಾಡುವುದು ಸಾಧ್ಯವಿಲ್ಲ.

ಕತೆ ಬರೆದವರು ಯೂಮಿ ಹೊತ್ತಾ. ಮಾವನ ಜೊತೆ ಗೋ ಆಡಲು ಕೂತದ್ದೇ ಅವರಿಗೆ ಈ ಕತೆ ಹೊಳೆಯಲು ಕಾರಣವಂತೆ. ಆಟದ ವಿಷಯದಲ್ಲಿ ಎಡವಟ್ಟಾಗದ ಹಾಗೆ ನೋಡಿಕೊಂಡವರು ಯುಕಾರಿ ಉಮೆಜಾವಾ ಎಂಬ ವೃತ್ತಿಪರ ಆಟಗಾರ್ತಿ. 1998ರ ಕೊನೆಯಿಂದ 2003ರವರೆಗೆ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಬಂತು. ಪುಸ್ತಕವಾಗಿ 23 ಸಂಪುಟ. ಆ ಪತ್ರಿಕೆಯ ತುಂಬ ಮುಷ್ಟಿಯುದ್ಧ, ಕತ್ತಿವರಸೆ, ಬೆಂಕಿ ಉಗುಳುವ ವೀರರು. ಅವರ ನಡುವೆ ಇಬ್ಬರು ಎದುರುಬದುರು ಕೂತು ತಲೆ ತಗ್ಗಿಸಿಕೊಂಡು ಯೋಚಿಸುತ್ತಿರುವ ಚಿತ್ರಗಳು. ಇದನ್ನು ಮಕ್ಕಳು ಓದುತ್ತಾರೆಂದು ಸಂಪಾದಕರು ಹೇಗೆ ನಂಬಿದರೋ! ಮಕ್ಕಳು ಓದಿದ್ದಷ್ಟೇ ಅಲ್ಲ, ಮುದುಕರಷ್ಟೇ ಉಳಿದುಕೊಂಡಿದ್ದ ಗೋ ಕೇಂದ್ರಗಳಿಗೆ ಚೀಲ ಹೆಗಲಿಗೇರಿಸಿಕೊಂಡು ಹೊರಟರು. 2001ರಿಂದ ಅನಿಮೇ ಕೂಡ ಬಂತು, 75 ಕಂತು. ಪ್ರತಿ ಕಂತಿನ ಕೊನೆಗೆ ಉಮೆಜಾವಾ ಅವರೇ ಬಂದು ಪುಟ್ಟ ಪಾಠ ಹೇಳಿಕೊಡುತ್ತಿದ್ದರು.

ಆಟ ಗೊತ್ತಿಲ್ಲದೆಯೂ ಓದಬಹುದು. ನಾನು ಹಾಗೆಯೇ ಶುರುಮಾಡಿದ್ದು. ಆದರೂ ಸ್ವಲ್ಪ ತಿಳಿದಿರಲಿ. ಊರಿನ ದೇವಸ್ಥಾನದ ಚಪ್ಪಡಿ ಕಲ್ಲಿನ ಮೇಲೆ ಗೀಚಿದ ಹುಲಿಘಟ್ಟದ ಗೆರೆಗಳನ್ನು ನೀವು ನೋಡಿರುತ್ತೀರಿ. ಅಲ್ಲಿ ಕುರಿಗಳನ್ನು ಚೌಕದೊಳಗೆ ಇಡುವುದಿಲ್ಲ, ಗೆರೆಗಳು ಕೂಡುವಲ್ಲಿ ಇಡುತ್ತೇವೆ. ಹುಲಿಗೆ ದಾರಿಯಿಲ್ಲದಂತೆ ಸುತ್ತುಗಟ್ಟಿದರೆ ಕುರಿಗಳಿಗೆ ಗೆಲುವು. ಗೋ ಆಟದ ಮೂಲವೂ ಇಷ್ಟೇ. ಅಡ್ಡ 19 ಗೆರೆ, ಉದ್ದ 19 ಗೆರೆ, ಕೂಡುವ ಜಾಗ 361. ಒಬ್ಬನಿಗೆ ಕಪ್ಪು ಹರಳು, ಇನ್ನೊಬ್ಬನಿಗೆ ಬಿಳಿ. ಸರದಿಯಂತೆ ಒಂದೊಂದೇ ಇಡುತ್ತ ಹೋಗಬೇಕು. ಇಟ್ಟ ಹರಳನ್ನು ಮತ್ತೆ ಸರಿಸುವಂತಿಲ್ಲ. ಸುತ್ತಲೂ ಉಸಿರಾಡಲು ಜಾಗವಿಲ್ಲದಂತೆ ಸಿಕ್ಕಿಬಿದ್ದ ಹರಳನ್ನು ಮಣೆಯಿಂದ ಎತ್ತಿಬಿಡುತ್ತಾರೆ. ಕೊನೆಯಲ್ಲಿ ಯಾರು ಹೆಚ್ಚು ಜಾಗವನ್ನು ಬೇಲಿ ಹಾಕಿ ಹಿಡಿದಿದ್ದಾರೋ ಅವರು ಗೆದ್ದರು. ಕಪ್ಪಿನವನು ಮೊದಲು ಇಡುವುದರಿಂದ ಅವನಿಗೆ ಲಾಭ. ಅದನ್ನು ಸರಿದೂಗಿಸಲು ಬಿಳಿಯವನಿಗೆ ಒಂದಿಷ್ಟು ಮನೆಗಳ ಜೊತೆಗೆ ಅರ್ಧ ಮನೆಯನ್ನೂ ಸೇರಿಸಿ ಕೊಡುತ್ತಾರೆ. ಹಾಗಾಗಿ ಆಟ ಸಮನಾಗುವುದಿಲ್ಲ. ಗಂಟೆಗಟ್ಟಲೆ ಆಡಿ ಅರ್ಧ ಮನೆಯಿಂದ ಸೋಲುವುದುಂಟು. ಈ ಅರ್ಧ ಮನೆಯನ್ನು ನೆನಪಿಟ್ಟುಕೊಳ್ಳಿ.

ಹಿಕಾರು ಶಿಂದೋ ಆರನೇ ತರಗತಿಯ ಹುಡುಗ. ಸಮಾಜ ಪಾಠದ ಪರೀಕ್ಷೆಯಲ್ಲಿ ಮುಗ್ಗರಿಸಿ, ಮನೆಯಲ್ಲಿ ಕೈಖರ್ಚಿಗೆ ಕೊಡುತ್ತಿದ್ದ ಕಾಸು ನಿಂತುಹೋಗಿದೆ. ಅಜ್ಜನ ಮನೆಯ ಉಗ್ರಾಣದಲ್ಲಿ ಮಾರಲು ಏನಾದರೂ ಸಿಕ್ಕೀತೇ ಎಂದು ತಡಕಾಡುವಾಗ ಹಳೆಯ ಗೋ ಮಣೆಯೊಂದು ಕಾಣುತ್ತದೆ. ಅದರ ಮೇಲೊಂದು ರಕ್ತದ ಕಲೆ. ಜೊತೆಗಿದ್ದ ಗೆಳತಿ ಅಕಾರಿಗೆ ಆ ಕಲೆ ಕಾಣುವುದಿಲ್ಲ. ಅವನಿಗೆ ಮಾತ್ರ ಕಾಣುತ್ತದೆ, ಜೊತೆಗೆ ಒಂದು ದನಿಯೂ ಕೇಳುತ್ತದೆ.

ಆ ದನಿ ಫುಜಿವಾರಾ ನೊ ಸಾಯ್ ಎಂಬಾತನದು. ಸಾವಿರ ವರ್ಷದ ಹಿಂದೆ, ಹೇಯಾನ್ ಕಾಲದಲ್ಲಿ, ಚಕ್ರವರ್ತಿಗೆ ಗೋ ಕಲಿಸುತ್ತಿದ್ದವ. ಆಟದಲ್ಲಿ ಮೋಸ ಮಾಡಿದನೆಂಬ ಸುಳ್ಳು ಆರೋಪ ಹೊತ್ತು ನೀರಿಗೆ ಹಾರಿ ಪ್ರಾಣ ಬಿಟ್ಟವ. ಆಡುವ ಆಸೆ ಮಾತ್ರ ಬಿಡಲಿಲ್ಲ. (ಕನ್ನಡದಲ್ಲಿ ಈ ಹೆಸರು ಬರೆಯುವುದೇ ಒಂದು ಪೇಚು. ಸತ್ತರೂ ಸಾಯಲಾಗದವನ ಹೆಸರು ಸಾಯ್!) ಈಗ ಅವನು ಹಿಕಾರುವಿನ ಮನಸ್ಸಿನೊಳಗೆ ಮನೆ ಮಾಡುತ್ತಾನೆ. ಉದ್ದ ಕೂದಲು, ಎತ್ತರದ ಟೊಪ್ಪಿಗೆ, ಕೈಯಲ್ಲಿ ಬೀಸಣಿಗೆ. ದೆವ್ವವೆಂದರೆ ಹೆದರುವಂಥದ್ದೇನೂ ಇಲ್ಲ. ಆಡಲು ಬಿಡದಿದ್ದರೆ ಮಗುವಿನ ಹಾಗೆ ಅಳುತ್ತಾನೆ, ಅವನು ಅತ್ತರೆ ಹಿಕಾರುವಿಗೆ ಹೊಟ್ಟೆ ತೊಳಸುತ್ತದೆ. ಅದಕ್ಕೇ ಹುಡುಗ ಗೋ ಆಡಲು ಒಪ್ಪಿದ್ದು. ಕಲೆಯ ಮೇಲಿನ ಪ್ರೀತಿಯೆಲ್ಲ ಆಮೇಲಿನ ಮಾತು.

ಸಾಯ್ ಕಲ್ಪನೆಯ ಪಾತ್ರ. ಆದರೆ ಹಿಕಾರುವಿಗಿಂತ ಮುಂಚೆ ಅವನು ಇನ್ನೊಬ್ಬ ಹುಡುಗನೊಳಗೆ ಇದ್ದನೆಂದು ಕತೆ ಹೇಳುತ್ತದಲ್ಲ, ಆ ಹುಡುಗ ನಿಜವಾಗಿ ಬದುಕಿದ್ದವನು. ಹೋನ್‌ಇನ್‌ಬೋ ಶೂಸಾಕು, ಚಿಕ್ಕಂದಿನ ಹೆಸರು ತೊರಾಜಿರೊ. 1829ರಲ್ಲಿ ಇನ್ನೋಶಿಮಾ ಎಂಬ ದ್ವೀಪದಲ್ಲಿ ಹುಟ್ಟಿದ. ಶೋಗುನ್ ಎದುರು ವರ್ಷಕ್ಕೊಮ್ಮೆ ಅರಮನೆಯಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ 19 ಆಡಿ 19ನ್ನೂ ಗೆದ್ದ. 1846ರಲ್ಲಿ ಗೆನ್ನಾನ್ ಇನ್‌ಸೆಕಿ ಎಂಬ ಹಿರಿಯ ಆಟಗಾರನ ಎದುರು ಅವನಿಟ್ಟ ಒಂದು ಹರಳಿನ ಕತೆ ಗೋ ಲೋಕದಲ್ಲಿ ಪುರಾಣದ ಹಾಗೆ ಓಡಾಡುತ್ತದೆ. ಸುತ್ತ ನಿಂತವರೆಲ್ಲ ಹಿರಿಯನೇ ಗೆಲ್ಲುತ್ತಾನೆಂದುಕೊಂಡಿದ್ದರಂತೆ. ಒಬ್ಬ ವೈದ್ಯ ಮಾತ್ರ ಇಲ್ಲವೆಂದ. ಅವನಿಗೆ ಆಟ ಅಷ್ಟೇನೂ ಗೊತ್ತಿರಲಿಲ್ಲ. ಶೂಸಾಕು ಆ ಹರಳಿಟ್ಟಾಗ ಹಿರಿಯನ ಕಿವಿ ಕೆಂಪಾದದ್ದನ್ನು ಕಂಡಿದ್ದ. ಅದಕ್ಕೆ ಇಂದಿಗೂ ‘ಕಿವಿ ಕೆಂಪಾಗಿಸಿದ ನಡೆ’ ಎಂದೇ ಹೆಸರು. 1862ರಲ್ಲಿ ಎದೋದಲ್ಲಿ ಕಾಲರಾ ಬಂದಾಗ ರೋಗಿಗಳ ಸೇವೆಗೆ ನಿಂತು, ತಾನೂ ಅದೇ ರೋಗಕ್ಕೆ ತುತ್ತಾದ. ಇನ್ನೂ ಮೂವತ್ತನಾಲ್ಕು ತುಂಬಿರಲಿಲ್ಲ.

ಮಾಂಗಾದ ಪ್ರಕಾರ ಈ ಆಟಗಳನ್ನೆಲ್ಲ ಆಡಿದ್ದು ಸಾಯ್. ತೊರಾಜಿರೊ ಅವನಿಗೆ ತನ್ನ ಕೈಯನ್ನೇ ಬಿಟ್ಟುಕೊಟ್ಟ, ಇಡೀ ಬದುಕನ್ನೇ ಬಿಟ್ಟುಕೊಟ್ಟ. ಹಿಕಾರು ಹಾಗಲ್ಲ. ಕತೆಯ ನಿಜವಾದ ನೋವು ಹುಟ್ಟುವುದು ಇಲ್ಲಿಂದ.

ಮೊದಮೊದಲು ಸಾಯ್ ಹೇಳಿದಲ್ಲಿ ಹಿಕಾರು ಹರಳಿಡುತ್ತಾನೆ. ಹಾಗೆ ಆಡಿಯೇ ಗೋ ಕೇಂದ್ರವೊಂದರಲ್ಲಿ ತನ್ನದೇ ವಯಸ್ಸಿನ ಅಕಿರಾ ತೋಯಾನನ್ನು ಸೋಲಿಸುತ್ತಾನೆ. ಅಕಿರಾ ದೇಶದ ಅತಿ ದೊಡ್ಡ ಆಟಗಾರನ ಮಗ, ಎರಡು ವರ್ಷದವನಿದ್ದಾಗಿನಿಂದ ಆಡಿದವನು. ಹರಳು ಹಿಡಿಯಲೂ ಬಾರದ ಹುಡುಗನೊಬ್ಬ ತನಗೆ ಪಾಠ ಹೇಳುವ ಹಾಗೆ ಆಡಿ ಗೆದ್ದದ್ದು ಅವನ ನಿದ್ದೆ ಕೆಡಿಸುತ್ತದೆ. ಆ ಹುಡುಗನನ್ನೇ ಹುಡುಕಿಕೊಂಡು ಶಾಲೆಗಳ ಪಂದ್ಯಕ್ಕೆ ಬಂದು ಕೂರುತ್ತಾನೆ. ಹರಳೆತ್ತುವಾಗ ಅವನ ಕೈ ನಡುಗುತ್ತಿರುತ್ತದೆ. ಆಟ ಅರ್ಧವಾದಾಗ ಹಿಕಾರುವಿಗೆ ಏನೋ ಹಟ ಹುಟ್ಟುತ್ತದೆ. ಸಾಯ್ ಮಾತು ಬಿಟ್ಟು ತನಗೆ ತೋಚಿದಲ್ಲಿ ಇಡುತ್ತಾನೆ. ಎದುರಿಗಿದ್ದವನು ಸಿಟ್ಟಿನಿಂದ ಕೂಗಾಡುತ್ತಾನೆ. ಸೋತ ಆ ಆಟವೇ ಹಿಕಾರುವಿನ ಮೊದಲ ಸ್ವಂತ ಆಟ.

ಅಲ್ಲಿಂದ ಮುಂದೆ ಅವನು ಕಲಿಯುವ ಬಗೆಯನ್ನು ಕತೆ ಸಾವಕಾಶವಾಗಿ ತೋರಿಸುತ್ತದೆ. ಶಾಲೆಯ ಕ್ಲಬ್ಬು, ನಿಹೊನ್ ಕಿ-ಇನ್ ಎಂಬ ಗೋ ಸಂಸ್ಥೆಯಲ್ಲಿ ‘ಇನ್ಸೇ’ ಎಂಬ ತರಬೇತಿ ವಿದ್ಯಾರ್ಥಿಯಾಗಿ ಸೇರುವುದು, ಅಲ್ಲಿ ಪ್ರತಿ ಆಟಕ್ಕೂ ಏರಿಳಿಯುವ ಸ್ಥಾನ, ಕಡೆಗೆ ವೃತ್ತಿಪರನಾಗುವ ಪರೀಕ್ಷೆ. ಈ ಪರೀಕ್ಷೆಯ ಭಾಗ ಓದುವಾಗ ಕೋಟಾ, ಹೈದರಾಬಾದುಗಳ ಕೋಚಿಂಗ್ ಹಾಸ್ಟೆಲುಗಳು ನೆನಪಾದರೆ ಆಶ್ಚರ್ಯವಿಲ್ಲ. ವರ್ಷಕ್ಕೆ ಮೂವರೇ ಪಾಸು. ಜೊತೆಗೆ ಊಟ ಮಾಡಿದ ಗೆಳೆಯನನ್ನೇ ಮಧ್ಯಾಹ್ನ ಸೋಲಿಸಬೇಕು. ವಯಸ್ಸಿನ ಮಿತಿ ಹತ್ತಿರವಾಗಿ, ಇದೇ ಕೊನೆಯ ಅವಕಾಶವೆಂದು ಬಂದ ಗಡ್ಡದವನೊಬ್ಬನಿದ್ದಾನೆ. ಹದಿನೆಂಟಾದ ಇಸುಮಿ ಇದ್ದಾನೆ: ಸಭ್ಯ, ಎಲ್ಲರಿಗೂ ಬೇಕಾದವನು, ಈ ಸಲ ಪಾಸಾಗಲೇಬೇಕಾದವನು. ಹಿಕಾರುವಿನ ಎದುರು ಆಡುವಾಗ ಇಸುಮಿ ಒಂದು ಹರಳಿಟ್ಟು ಬೆರಳು ತೆಗೆದವನು, ಆ ಕ್ಷಣವೇ ಅದನ್ನು ಪಕ್ಕಕ್ಕೆ ಸರಿಸಿಬಿಡುತ್ತಾನೆ. ಅದು ನಿಯಮಭಂಗ. ಹಿಕಾರು ನೋಡಿದ್ದಾನೆ, ಹೇಳಲೋ ಬೇಡವೋ ಎಂದು ತೊಳಲಾಡುತ್ತಿದ್ದಾನೆ. ಅವನು ಬಾಯಿ ತೆರೆಯುವ ಮುಂಚೆಯೇ ಇಸುಮಿ ಸೋಲೊಪ್ಪುತ್ತಾನೆ. ಇಬ್ಬರಿಗೂ ಆ ಅರ್ಧ ಆಟ ಮುಳ್ಳಾಗಿ ಉಳಿಯುತ್ತದೆ.

ಈ ನಡುವೆ ಸಾಯ್ ಏನು ಮಾಡುತ್ತಿದ್ದ? ನೋಡುತ್ತಿದ್ದ. ರಾತ್ರಿ ಹಿಕಾರುವಿನ ಕೋಣೆಯಲ್ಲಿ ಅವನಿಗೆ ಎದುರಾಳಿಯಾಗುತ್ತಿದ್ದ, ಹಗಲು ಅವನ ಬೆನ್ನ ಹಿಂದೆ ನಿಲ್ಲುತ್ತಿದ್ದ. ಒಂದು ಬೇಸಿಗೆ ರಜೆಯಲ್ಲಿ ಇಂಟರ್‌ನೆಟ್ ಕೆಫೆಯ ಕಂಪ್ಯೂಟರಿನಲ್ಲಿ ‘ಸಾಯ್’ ಎಂಬ ಹೆಸರಿನಲ್ಲೇ ಅವನಿಗೆ ಆಡಲು ಸಿಗುತ್ತದೆ. ಜಗತ್ತಿನ ಆಟಗಾರರೆಲ್ಲ ಈತ ಯಾರೆಂದು ಬೆರಗಾಗುತ್ತಾರೆ. ಆಮೇಲೆ ಅಕಿರಾನ ತಂದೆ ಆಸ್ಪತ್ರೆಯಲ್ಲಿದ್ದಾಗ, ಅವರೊಡನೆ ಒಂದೇ ಒಂದು ಮಹಾ ಪಂದ್ಯ, ಅದೂ ಕಂಪ್ಯೂಟರಿನಲ್ಲಿ. ಸಾಯ್ ಅರ್ಧ ಮನೆಯಿಂದ ಗೆಲ್ಲುತ್ತಾನೆ. ಆಟ ಮುಗಿದ ಮೇಲೆ ಹಿಕಾರು ಪರದೆ ನೋಡುತ್ತ, ಆ ಹೊತ್ತಿನಲ್ಲಿ ಅವರು ಇಲ್ಲಿ ಇಟ್ಟಿದ್ದರೆ ನೀನು ಸೋಲುತ್ತಿದ್ದೆ ಎಂದು ತೋರಿಸುತ್ತಾನೆ. ಇಬ್ಬರು ದೊಡ್ಡವರಿಗೂ ಕಾಣದ ನಡೆ. ಸಾಯ್‌ಗೆ ತಾನು ಸಾವಿರ ವರ್ಷ ಯಾಕೆ ಉಳಿದೆನೆಂಬುದು ಆಗ ಅರ್ಥವಾಗುತ್ತದೆ. ಈ ಆಟವನ್ನು ಈ ಹುಡುಗನಿಗೆ ತೋರಿಸುವುದಕ್ಕೆ.

ಅರ್ಥವಾದದ್ದು ಅವನಿಗೆ ಸಂತೋಷ ಕೊಡುವುದಿಲ್ಲ. ಹೊತ್ತಾ ಅವರ ಮೇಲೆ ನನಗೆ ಗೌರವ ಹೆಚ್ಚಿದ್ದು ಇಲ್ಲಿ. ಋಷಿಯ ಹಾಗೆ ಮುಗುಳ್ನಕ್ಕು ಹೊರಡುವ ಗುರು ಇವನಲ್ಲ. ಅವನಿಗೆ ಹೊಟ್ಟೆಕಿಚ್ಚಾಗುತ್ತದೆ. ಮುಂದೆ ಆಡಬೇಕಾದ ಆಟಗಳೆಲ್ಲ ಈ ಹುಡುಗನವು, ತನಗೆ ಒಂದೂ ಇಲ್ಲ ಎಂದು ಕೊರಗುತ್ತಾನೆ. ನಾನಿನ್ನು ಹೆಚ್ಚು ದಿನ ಇರುವುದಿಲ್ಲ ಎಂದರೆ ಹಿಕಾರು ನಂಬುವುದಿಲ್ಲ, ಆಡಲು ಅವಕಾಶ ಗಿಟ್ಟಿಸುವ ಇನ್ನೊಂದು ನೆಪವೆಂದು ತಳ್ಳಿಹಾಕುತ್ತಾನೆ. ಮನೆಯ ಹಿರಿಯರು ‘ಇನ್ನೆಷ್ಟು ದಿನವೋ’ ಎಂದಾಗ ನಾವು ಫೋನಿನಲ್ಲಿ ಹೇಳುತ್ತೇವಲ್ಲ, ಹಾಗೆಲ್ಲ ಮಾತಾಡಬೇಡಿ ಅಂತ, ಅದೇ ದನಿ.

ಮೇ 5, ಜಪಾನಿನಲ್ಲಿ ಮಕ್ಕಳ ದಿನ. ಊರಿನಿಂದ ಬಂದು ದಣಿದ ಹಿಕಾರು ಸಾಯ್ ಎದುರು ತೂಕಡಿಸುತ್ತ ಆಡುತ್ತಿದ್ದಾನೆ. ಹೊರಗೆ ಬೆಳಕಿದೆ. ಸಾಯ್ ಏನೋ ಹೇಳಲು ಹೊರಟವನು ಮಾತು ಮುಗಿಸುವುದಿಲ್ಲ. ಹಿಕಾರು ತಲೆ ಎತ್ತಿದರೆ ಎದುರಿಗೆ ಯಾರೂ ಇಲ್ಲ. ಹೋಗಿಬರುತ್ತೇನೆ ಎಂಬ ಮಾತಿಲ್ಲ, ಸಂಗೀತವಿಲ್ಲ. ಅಜ್ಜನ ಉಗ್ರಾಣಕ್ಕೆ ಓಡಿ ನೋಡಿದರೆ ಮಣೆಯ ಮೇಲಿನ ಕಲೆಯೂ ಇಲ್ಲ.

ಅವನು ಹುಡುಕಿಕೊಂಡು ಹೊರಡುತ್ತಾನೆ. ಶೂಸಾಕು ಹುಟ್ಟಿದ ಇನ್ನೋಶಿಮಾಕ್ಕೆ ಹೋಗುತ್ತಾನೆ. ತೋಕ್ಯೋದಲ್ಲಿರುವ ಅವನ ಸಮಾಧಿಗೆ ಹೋಗುತ್ತಾನೆ. ಎಲ್ಲೂ ಇಲ್ಲ. ಕೊನೆಗೆ ಕಿ-ಇನ್‌ನ ದಾಖಲೆ ಕೋಣೆಯಲ್ಲಿ ಶೂಸಾಕುವಿನ ಹಳೆಯ ಆಟಗಳ ಹಾಳೆ ತಿರುವುತ್ತ ಕೂರುತ್ತಾನೆ. ಈಗ ಅವನಿಗೆ ಆಟ ಬರುತ್ತದೆ. ಬರುವುದರಿಂದಲೇ ಗೊತ್ತಾಗುತ್ತದೆ, ತನ್ನ ಜೊತೆ ಇದ್ದವನು ಎಷ್ಟು ದೊಡ್ಡವನೆಂದು. ಎಲ್ಲವನ್ನೂ ಅವನಿಗೇ ಆಡಲು ಬಿಡಬೇಕಿತ್ತು, ನಾನು ಒಂದು ಹರಳನ್ನೂ ಇಡಬಾರದಿತ್ತು, ಮೊದಲಿನಿಂದ ಮತ್ತೆ ಶುರುವಾಗಲಿ ಎಂದು ದೇವರಲ್ಲಿ ಮೊರೆಯಿಡುತ್ತಾನೆ. ಪಂದ್ಯಗಳಿಗೆ ಹೋಗುವುದನ್ನು ನಿಲ್ಲಿಸುತ್ತಾನೆ. ಹದಿನಾಲ್ಕರ ಹುಡುಗ, ಹೇಳಿಕೊಳ್ಳಲು ಒಬ್ಬರೂ ಇಲ್ಲ. ಯಾರಿಗೂ ಕಾಣದವನು ಹೋದನೆಂದು ಯಾರ ಹತ್ತಿರ ಅಳುವುದು?

ಅವನನ್ನು ಮತ್ತೆ ಮಣೆಯ ಮುಂದೆ ಕೂರಿಸುವುದು ಗುರುವೂ ಅಲ್ಲ, ತಾಯಿಯೂ ಅಲ್ಲ. ಚೀನಾದಲ್ಲಿ ಕೆಲಕಾಲ ಆಡಿ ಗಟ್ಟಿಯಾಗಿ ಮರಳಿದ ಇಸುಮಿ ಮನೆಗೆ ಬರುತ್ತಾನೆ. ಅಂದು ಹಾಳಾದ ನಮ್ಮ ಆಟ ಮುಗಿಯದೆ ನನ್ನ ಮನಸ್ಸು ಮುಂದೆ ಹೋಗುವುದಿಲ್ಲ, ನನಗಾಗಿ ಒಮ್ಮೆ ಆಡು ಎನ್ನುತ್ತಾನೆ. ಇವನಿಗಾಗಿ ತಾನೇ ಎಂದು ಹಿಕಾರು ಕೂರುತ್ತಾನೆ. ಆಡುತ್ತ ಆಡುತ್ತ ಒಂದು ಕಡೆ ಹರಳಿಟ್ಟವನು ಗಕ್ಕನೆ ನಿಲ್ಲುತ್ತಾನೆ. ಇದು ಸಾಯ್ ಇಡುವ ಜಾಗ. ಇಷ್ಟು ದಿನ ಊರೂರು ಹುಡುಕಿದವನು ಇಲ್ಲಿದ್ದಾನೆ, ತಾನು ಹರಳಿಡುವ ರೀತಿಯಲ್ಲಿ. ಒಬಾತಾ ಆ ಪುಟದಲ್ಲಿ ಹೆಚ್ಚೇನೂ ಬರೆದಿಲ್ಲ. ಮಣೆ, ಕೈ, ಕಣ್ಣೀರು.

ನನ್ನ ಅಜ್ಜಿ ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆ ಆಡುತ್ತಿದ್ದಾಗ ಗುಳಿಗಳಿಗೆ ಮಂಜೊಟ್ಟಿ ಕಾಯಿ ಬಿಡುವುದಕ್ಕೆ ಒಂದು ಬಗೆಯಿತ್ತು: ಬೆರಳನ್ನು ಬಿಚ್ಚುತ್ತಿರಲಿಲ್ಲ, ಸ್ವಲ್ಪ ಸಡಿಲಿಸುತ್ತಿದ್ದರು, ಕಾಯಿ ತಾನಾಗಿ ಉದುರಬೇಕು. ಪುಣೆಯಲ್ಲಿರುವ ನನ್ನ ತಂಗಿ ಬೇಳೆ ಆರಿಸುವಾಗ ಬೆರಳು ಹಾಗೆಯೇ ಸಡಿಲಿಸುತ್ತಾಳೆ. ಅವಳು ಚೆನ್ನೆ ಆಡಿದವಳೇ ಅಲ್ಲ. ಅವಳಿಗಿದು ಗೊತ್ತಿಲ್ಲ, ನಾನೂ ಹೇಳಿಲ್ಲ, ಹೇಳಿದರೆ ಕೈ ಎಚ್ಚೆತ್ತುಕೊಂಡುಬಿಟ್ಟೀತೆಂದು.

ಸಾಯ್ ಹುಡುಕುತ್ತಿದ್ದದ್ದು ‘ದೇವರ ನಡೆ’ಯನ್ನು, ಅದಕ್ಕಿಂತ ಮೇಲಿಲ್ಲ ಎನ್ನುವಂಥ ಒಂದು ಹರಳನ್ನು. ಮಾಂಗಾ ಮುಗಿದು ಹದಿಮೂರು ವರ್ಷವಾದ ಮೇಲೆ, 2016ರ ಮಾರ್ಚಿನಲ್ಲಿ, ಸೋಲ್ ನಗರದಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಮು ಕೊರಿಯಾದ ಲೀ ಸೆಡೊಲ್ ಅವರನ್ನು 4–1ರಿಂದ ಸೋಲಿಸಿತು. ಲೀ ಗೆದ್ದ ಆ ಒಂದು ಆಟದಲ್ಲಿ ಅವರ 78ನೆಯ ನಡೆಯನ್ನು ಚೀನಾದ ಆಟಗಾರ ಗು ಲಿ ದೇವರ ನಡೆಯೆಂದೇ ಕರೆದರು. ಆ ವರ್ಷದ ಕೊನೆಗೆ ‘ಮಾಸ್ಟರ್’ ಎಂಬ ಹೆಸರಿನ ಅನಾಮಧೇಯ ಆಟಗಾರನೊಬ್ಬ ಅಂತರಜಾಲದಲ್ಲಿ ಕಾಣಿಸಿಕೊಂಡು ಘಟಾನುಘಟಿಗಳನ್ನೆಲ್ಲ ಬಡಿದು, 60 ಆಟ ಸೋಲಿಲ್ಲದೆ ಮುಗಿಸಿದ. ಹಳೆಯ ಓದುಗರು ಸಾಯ್ ಬಂದನೆಂದು ತಮಾಷೆ ಮಾಡಿದರು. ಬಂದದ್ದು ಆಲ್ಫಾಗೋದ ಹೊಸ ಆವೃತ್ತಿ. 2019ರಲ್ಲಿ ಲೀ ನಿವೃತ್ತರಾದರು. ತಾನು ಮೊದಲಿಗನಾದರೂ ಸೋಲಿಸಲಾಗದ್ದೊಂದು ಮೇಲಿರುತ್ತದೆ ಎಂಬುದು ಅವರ ಬೇಸರ. ಈ ಸುದ್ದಿ ಓದಿದ ಮೇಲೆ ಮಾಂಗಾ ಹಳತಾಯಿತೇ ಎಂದು ಮತ್ತೆ ತೆಗೆದು ನೋಡಿದೆ. ಇಂಟರ್‌ನೆಟ್ ಕೆಫೆ, ಡಬ್ಬದಂಥ ಮಾನಿಟರುಗಳು ಹಳತಾಗಿವೆ. ಇಸುಮಿ ಎದುರಿನ ಆಟ ಹಳತಾಗಿಲ್ಲ. ಆಲ್ಫಾಗೋಗೆ ಅತ್ಯುತ್ತಮ ನಡೆ ಗೊತ್ತಿರಬಹುದು, ಅದನ್ನು ಯಾರಿಂದ ಪಡೆದೆನೆಂದು ಅಳಬೇಕಾದ ಪ್ರಸಂಗ ಅದಕ್ಕಿಲ್ಲ.

ದೂರುಗಳೂ ಇವೆ. ಬರೆದವರು ಹೆಂಗಸು, ಆಟ ತಿದ್ದಿದವರು ಹೆಂಗಸು. ಕತೆಯಲ್ಲಿ ಮಾತ್ರ ಹುಡುಗಿಯರಿಗೆ ಸಿಕ್ಕಿದ್ದು ಮೂಲೆ. ಇನ್ಸೇಗಳ ಪೈಕಿ ಅಸುಮಿ ನಾಸೆ ಎಂಬ ಹುಡುಗಿಗೆ ಒಂದು ಚಂದದ ಬಿಡಿ ಅಧ್ಯಾಯವಿದೆ, ಅಷ್ಟೇ. ಅಕಾರಿ ಪಾಪ, ಮೊದಲ ದಿನ ಉಗ್ರಾಣದಲ್ಲಿ ಜೊತೆಗಿದ್ದವಳು, ಕೊನೆಕೊನೆಗೆ ಕಿಟಕಿಯಲ್ಲಿ ಕಂಡು ಮಾಯವಾಗುವ ನೆರೆಮನೆಯವಳ ಹಾಗಾಗುತ್ತಾಳೆ. ಜಪಾನ್, ಚೀನಾ, ಕೊರಿಯಾದ ಎಳೆಯರು ಆಡುವ ಹೊಕುತೊ ಕಪ್ ಎಂಬ ಕಡೆಯ ಭಾಗವೂ ಅವಸರದ್ದು. ಆದರೆ ಅಲ್ಲಿ ಹಿಕಾರು ಗೆಲ್ಲುವುದಿಲ್ಲ ಎಂಬುದು ನನಗೆ ಸರಿಯೆನಿಸಿತು. ಕೊರಿಯಾದ ಹುಡುಗನಿಗೆ ಸೋಲುತ್ತಾನೆ, ಅರ್ಧ ಮನೆಯಿಂದ.

ಇಂಗ್ಲಿಷಿನಲ್ಲಿ ವಿಜ್ ಸಂಸ್ಥೆ 23 ಸಂಪುಟಗಳನ್ನೂ ತಂದಿದೆ. ಚೀನಾದವರು 2020ರಲ್ಲಿ ತಮ್ಮ ಊರು, ತಮ್ಮ ಹುಡುಗರನ್ನಿಟ್ಟು ಧಾರಾವಾಹಿಯನ್ನೂ ಮಾಡಿದ್ದಾರೆ. ಮಾಂಗಾ ಮುಗಿಸಿದ ಮೇಲೆ ನೋಡಿ. ಮೊದಲೆರಡು ಸಂಪುಟಗಳಲ್ಲಿ ಹಿಕಾರುವಿನ ಮುಖ ತೀರಾ ಎಳಸು, ಚಿತ್ರಗಳೂ ಹಾಗೆಯೇ. ತಾಳ್ಮೆಯಿರಲಿ, ಹುಡುಗ ಪುಟದಿಂದ ಪುಟಕ್ಕೆ ಎತ್ತರವಾಗುತ್ತಾನೆ. 15ನೆಯ ಸಂಪುಟವನ್ನು ಮಾತ್ರ ಲೋಕಲ್ ಟ್ರೇನಿನಲ್ಲಿ ತೆರೆಯಬೇಡಿ, ಎದುರು ಸೀಟಿನವರಿಗೆ ಕಾರಣ ಹೇಳಬೇಕಾಗುತ್ತದೆ. ಅದನ್ನು ಮುಗಿಸಿದ ರಾತ್ರಿ 17ನೆಯದೂ ಕೈಗೆಟುಕುವಂತಿರಲಿ. ಇಸುಮಿ ಬಾಗಿಲು ತಟ್ಟುವುದು ಅದರಲ್ಲಿ.